ತೂತು ಸಣ್ಣದು, ತೊಳೆಯುವ ಕೆಲಸ ದೊಡ್ಡದು

ಬಂಟ್ವಾಳ ತಾಲ್ಲೂಕಿನ ವಾಮದಪದವಿನಲ್ಲಿ ಸಮುದಾಯ ಆರೋಗ್ಯ ಕೇಂದ್ರವಿದೆ. ಸರ್ಕಾರಿ ಮಾನದಂಡದಂತೆ ಇಂಥ ಕೇಂದ್ರವೆಂದರೆ 30 ಹಾಸಿಗೆ, ಒಂದು ಆಪರೇಷನ್ ಥಿಯೇಟರ್. ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ, ಅಂದರೆ ಹೊಟ್ಟೆಗೆ ಸಣ್ಣ ತೂತು ಮಾಡಿ ದುರ್ಬೀನು ಇಳಿಸಿ ಮಾಡುವ ಶಸ್ತ್ರಚಿಕಿತ್ಸೆ, ಬೇಕೆಂದರೆ ಈ ಕಡೆಯವರ ದಾರಿ ಮಂಗಳೂರಿಗೋ ಉಜಿರೆಗೋ ಮೂಡುಬಿದಿರೆಗೋ. ಆದರೆ ನಮ್ಮ ದೇಶದ ಹಳ್ಳಿಗೆ ಇದರ ಉಪಕರಣ ಲ್ಯಾಪ್ರೋಸ್ಕೋಪ್ ಮೊದಲು ಬಂದದ್ದು ಕಲ್ಲು ತೆಗೆಯಲು ಅಲ್ಲ, ಹೆಂಗಸರ ಸಂತಾನಹರಣಕ್ಕೆ. ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉಡವಾಡಿಯಾ ದೇಶದ ಮೊದಲ ಲ್ಯಾಪ್ರೋಸ್ಕೋಪಿಕ್ ಪಿತ್ತಕೋಶ ಶಸ್ತ್ರಚಿಕಿತ್ಸೆ ಮಾಡಿದ್ದು 1990ರಲ್ಲಿ. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಸಂತಾನಹರಣ ಶಿಬಿರಗಳ ಮೇಜಿನ ಮೇಲೆ ಲ್ಯಾಪ್ರೋಸ್ಕೋಪ್ ಇತ್ತು.

ಈ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯೊಳಗೆ ಮೊದಲು ಹೋಗುವುದು ವೆರೆಸ್ ಸೂಜಿ. ಹಂಗೇರಿಯ ವೈದ್ಯ ಯಾನೋಶ್ ವೆರೆಸ್ 1938ರಲ್ಲಿ ಇದನ್ನು ವಿವರಿಸಿದ್ದು ಹೊಟ್ಟೆಗಾಗಿ ಅಲ್ಲ, ಕ್ಷಯರೋಗಿಗಳ ಎದೆಗೆ ಗಾಳಿ ತುಂಬಲು. ಹೊರಗಿನ ಕೊಳವೆ ಚೂಪು. ಒಳಗೆ ಸ್ಪ್ರಿಂಗಿನ ಮೇಲೆ ಕೂತ ಮೊಂಡು ತುದಿ. ಚರ್ಮ, ಪೊರೆ ಒತ್ತುವಾಗ ಮೊಂಡು ತುದಿ ಹಿಂದೆ ಸರಿಯುತ್ತದೆ. ಪೊಳ್ಳು ಸಿಕ್ಕ ಕ್ಷಣ ಟಕ್ಕೆಂದು ಮುಂದೆ ಚಿಮ್ಮಿ ಕರುಳಿಗೆ ಚೂಪು ತಾಗದಂತೆ ಕಾಯುತ್ತದೆ. ಆಮೇಲೆ ಹೊಟ್ಟೆ ಉಬ್ಬಿಸಲು ಇಂಗಾಲದ ಡೈ ಆಕ್ಸೈಡ್, ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ. ನಂತರ ದಾರಿ ಮಾಡುವ ಚೂಪು ಕೊಳವೆ ಟ್ರೋಕಾರ್, ಅದರ ಮೂಲಕ ದುರ್ಬೀನು. ಸಂತಾನಹರಣದಲ್ಲಿ ಇಕ್ಕಳವೊಂದು ಗರ್ಭನಾಳವನ್ನು ಮಡಿಸಿ ಎಳೆದುಕೊಂಡು ಅದರ ಬುಡಕ್ಕೆ ಸಿಲಿಕೋನ್ ಉಂಗುರ ಜಾರಿಸುತ್ತದೆ, ಅಷ್ಟೆ. ಬೀಡಿ ಕಟ್ಟುವವಳು, ಅಡಿಕೆ ಸುಲಿಯುವವಳು ಎರಡು ದಿನ ಕಳೆದರೆ ಹಗುರ ಕೆಲಸಕ್ಕೆ ಕೂರಬಹುದು. ಇದು ಸಣ್ಣ ಲಾಭವಲ್ಲ.

ತೊಡಕಿರುವುದು ಉಪಕರಣದ ಉದ್ದನೆಯ ಕತ್ತಿನಲ್ಲಿ. ಐದು ಮಿ.ಮೀ. ದಪ್ಪದ ಕೊಳವೆ, ಒಳಗೆ ಸರಳು, ತುದಿಯಲ್ಲಿ ಕಿರಿದಾದ ಕೀಲು. ಅಲ್ಲಿ ಒಣಗಿದ ರಕ್ತ ಸುಲಭಕ್ಕೆ ಬಿಡದು. ಬಿಚ್ಚಿ, ಬ್ರಷ್ ಹಾಕಿ ಉಜ್ಜಬೇಕು. ಆಟೋಕ್ಲೇವಿನ ಶಾಖ ತಡೆಯದ ದುರ್ಬೀನನ್ನು ಶೇಕಡಾ 2ರ ಗ್ಲುಟರಾಲ್ಡಿಹೈಡ್‌ನಲ್ಲಿ ಮುಳುಗಿಸುವುದು ರೂಢಿ. ಇಪ್ಪತ್ತು ನಿಮಿಷಕ್ಕೆ ಬಹುಪಾಲು ರೋಗಾಣು ಸಾಯುತ್ತವೆ, ಪೂರ್ತಿ ಕ್ರಿಮಿಶುದ್ಧಿಗೆ ಹತ್ತು ಗಂಟೆ ಬೇಕು. ನೆನೆಸಿದ ಮೇಲೆ ನಲ್ಲಿ ನೀರಿನಲ್ಲಿ ಅದ್ದಿದರೆ ಮಾಡಿದ್ದೆಲ್ಲ ದಂಡ: ನೀರಿನಲ್ಲಿರುವ ಕ್ಷಯದ ಕುಲದ ಬ್ಯಾಕ್ಟೀರಿಯಾ ಗಾಯಕ್ಕೆ ಸೇರುತ್ತದೆ. ಗಾಯ ಒಣಗಿತೆಂದು ಮನೆಗೆ ಹೋದವರಿಗೆ ಮೂರ್ನಾಲ್ಕು ವಾರದ ಮೇಲೆ ಅದೇ ತೂತಿನಲ್ಲಿ ಕೀವು. ತಿಂಗಳುಗಟ್ಟಲೆ ಮಾತ್ರೆ ನುಂಗಬೇಕು.

ಅದಕ್ಕೇ ಸಂತಾನಹರಣಕ್ಕೆ ಕೇಂದ್ರ ಸರ್ಕಾರದ ನಿಯಮ: ಒಂದು ತಂಡಕ್ಕೆ ದಿನಕ್ಕೆ 30 ಕೇಸಿಗಿಂತ ಹೆಚ್ಚಿಲ್ಲ, ಅದೂ ಮೂರು ಲ್ಯಾಪ್ರೋಸ್ಕೋಪ್ ಇದ್ದರೆ. 2014ರ ನವೆಂಬರ್‌ನಲ್ಲಿ ಛತ್ತೀಸ್‌ಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಒಂದೇ ದಿನ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ಆ ದಿನಗಳ ಶಿಬಿರಗಳ ಬೆನ್ನಿಗೆ 13 ಮಂದಿ ಸತ್ತರು. ಕಾರಣ ಸೋಂಕೋ ಅಲ್ಲಿ ಕೊಟ್ಟ ಮಾತ್ರೆಯೋ ಎಂಬ ಜಗಳ ಬೇರೆ. ಅಷ್ಟು ಕೇಸಿನ ನಡುವೆ ಉಪಕರಣ ನೆನೆಯಲು ಹೊತ್ತಾದರೂ ಎಲ್ಲಿತ್ತು? 2016ರಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷದೊಳಗೆ ಇಂಥ ಸಾಮೂಹಿಕ ಶಿಬಿರ ನಿಲ್ಲಿಸಿ ಎಂದಿತು.

ಆಪರೇಷನ್‌ಗೆ ಒಪ್ಪಿ ಸಹಿ ಹಾಕುವ ಮುನ್ನ ಎರಡು ಪ್ರಶ್ನೆ ಕೇಳಿ: ಈ ದಿನ ಇದೇ ಸೆಟ್‌ನಲ್ಲಿ ನನ್ನದು ಎಷ್ಟನೇ ಕೇಸು? ಹಿಂದಿನ ಕೇಸಾದ ಮೇಲೆ ಇದನ್ನು ಹೇಗೆ ಶುದ್ಧ ಮಾಡಿದಿರಿ? ಸರ್ಕಾರಿ ಆಸ್ಪತ್ರೆಯಾಗಲಿ, ಖಾಸಗಿಯಾಗಲಿ, ಕೇಳಲು ಸಂಕೋಚ ಬೇಡ.