ಮೈಸೂರು ಮತ್ತೆ ರಾಜಧಾನಿಯಾದ ಬಗೆ

ಬೆಂಗಳೂರಿನ ಪಶ್ಚಿಮದಲ್ಲಿ ರಾಜರಾಜೇಶ್ವರಿನಗರದ ಮಹಾದ್ವಾರದ ಮುಂದೆ ಹಾದುಹೋಗುವ ಹೆದ್ದಾರಿಗೆ ಜನರು ಇಟ್ಟಿರುವ ಹೆಸರು ಮೈಸೂರು ರಸ್ತೆ. ಕೆಂಗೇರಿ, ರಾಮನಗರ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮಾರ್ಗವಾಗಿ ಅದು ಮೈಸೂರನ್ನು ಸೇರುತ್ತದೆ. ಒಡೆಯರ ರಾಜಧಾನಿ ಯಾವುದೆಂದು ಈ ಭಾಗದ ವಿದ್ಯಾರ್ಥಿಗಳನ್ನು ಕೇಳಿದರೆ, ಅನಾದಿಯಿಂದಲೂ ಮೈಸೂರೇ ಎಂಬ ಉತ್ತರ ಬರುತ್ತದೆ. ಅವರನ್ನು ದೂಷಿಸಲಾಗದು, ಕೆಲವು ವರ್ಷ ನಾವೂ ಹಾಗೆಯೇ ಟಿಪ್ಪಣಿ ಬರೆಯಿಸಿದ್ದುಂಟು. ವಸ್ತುಸ್ಥಿತಿ ಬೇರೆ. ಕ್ರಿ.ಶ. 1610ರಿಂದ 1799ರವರೆಗೆ, ಅಂದರೆ ನೂರ ಎಂಬತ್ತೊಂಬತ್ತು ವರ್ಷಗಳ ಕಾಲ, ಮೈಸೂರು ಸಂಸ್ಥಾನದ ರಾಜಧಾನಿ ಮೈಸೂರಾಗಿರಲಿಲ್ಲ. ಅದು ಮತ್ತೆ ರಾಜಧಾನಿಯಾದುದು ಹೇಗೆ ಎಂಬುದೇ ಪ್ರಸ್ತುತ ವಿಚಾರ.

ಒಡೆಯರ ಮನೆತನವು ಮೊದಲು ನೆಲೆನಿಂತದ್ದು ಮೈಸೂರಿನಲ್ಲಿಯೇ. ಅಲ್ಲಿಯ ಕೋಟೆ 1524ರಲ್ಲಿ ಕಟ್ಟಲ್ಪಟ್ಟಿತೆಂಬುದು ಪರಂಪರೆಯ ಹೇಳಿಕೆ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಜನಿಂದ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು ಅಲ್ಲಿಗೆ ತೆರಳಿದರು. ಕಾವೇರಿಯ ಎರಡು ಕವಲುಗಳ ನಡುವಿನ ದ್ವೀಪ, ಹೊಳೆಯೇ ಅಗಳು. ವಿಜಯನಗರದ ಪ್ರತಿನಿಧಿ ಕುಳಿತಿದ್ದ ಸ್ಥಾನದಲ್ಲಿ ತಾವು ಕುಳಿತ ಮೇಲೆ ಪಾಳೆಯಗಾರರ ಸಾಲಿನಿಂದ ಒಡೆಯರು ಮೇಲೇರಿದರು. ಅದೇ ವರ್ಷ ನವರಾತ್ರಿಯ ಉತ್ಸವವನ್ನು ಅಲ್ಲಿಯೇ ವಿಜೃಂಭಣೆಯಿಂದ ನಡೆಸಿದುದು ಈ ಹೆಚ್ಚಿದ ಪದವಿಯ ಘೋಷಣೆಯೆಂದು ನಾವು ಭಾವಿಸುತ್ತೇವೆ. ಇಂದು ಮೈಸೂರಿನದೆಂದೇ ಪ್ರಖ್ಯಾತವಾದ ದಸರೆಗೆ ಮೈಸೂರು ತವರಲ್ಲವೆಂಬುದನ್ನು ಅನೇಕರು ಗಮನಿಸುವುದಿಲ್ಲ. ಹೈದರ್ ಅಲಿಯೂ ಟಿಪ್ಪು ಸುಲ್ತಾನನೂ ಆಳಿದುದು ಆ ದ್ವೀಪದಿಂದಲೇ.

ಟಿಪ್ಪುವಿನ ಕಾಲದಲ್ಲಿ ಮೈಸೂರಿಗೆ ಒದಗಿದ ಗತಿ ವಿಚಿತ್ರವಾದುದು. ಹಳೆಯ ಕೋಟೆಯನ್ನು ಕೆಡವಿ, ಅದರ ಕಲ್ಲುಗಳನ್ನು ಪೂರ್ವಕ್ಕೆ ಸುಮಾರು ಒಂದು ಮೈಲಿ ದೂರದ ದಿಣ್ಣೆಗೆ ಸಾಗಿಸಿ, ನಜರಾಬಾದ್ ಎಂಬ ಹೊಸ ಕೋಟೆಯ ಕೆಲಸವನ್ನು ಆರಂಭಿಸಲಾಯಿತು. ಒಡೆಯರ ಮನೆತನದ ಗುರುತನ್ನೇ ಅಳಿಸುವುದು ಇದರ ಉದ್ದೇಶವಾಗಿತ್ತೆಂದು ಆಂಗ್ಲ ಗ್ರಂಥಕರ್ತರು ಬರೆದರು. ಅವರು ಗೆದ್ದ ಪಕ್ಷದವರೆಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಈ ಮಾತನ್ನು ಓದಬೇಕು. ಉದ್ದೇಶವೇನೇ ಇರಲಿ, ಹೊಸ ಕೋಟೆ ಮುಗಿಯುವ ಮೊದಲೇ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದನು. ಆಗ ಮೈಸೂರಿನಲ್ಲಿ ಹಳೆಯ ಕೋಟೆಯೂ ಇರಲಿಲ್ಲ, ಹೊಸದೂ ಪೂರ್ಣವಾಗಿರಲಿಲ್ಲ.

ಒಡೆಯರ ವಂಶದ ಐದು ವರ್ಷದ ಬಾಲಕನಿಗೆ ಪಟ್ಟ ಕಟ್ಟಲು ನಿಶ್ಚಯವಾಯಿತು. ಸಿದ್ಧವಾಗಿದ್ದ ರಾಜಧಾನಿಯನ್ನು ಬಿಟ್ಟು ಹಾಳುಬಿದ್ದ ಊರಿಗೆ ಏಕೆ ಹೋದರು? ಪೂರ್ವಿಕರ ನೆಲದ ಮೇಲಿನ ಅಭಿಮಾನ ಇದ್ದೇ ಇತ್ತು. ಆದರೆ ನಿರ್ಣಾಯಕವಾದ ಕಾರಣ ಅಂದಿನ ಒಪ್ಪಂದದಲ್ಲಿದೆ. ಟಿಪ್ಪುವಿನ ರಾಜ್ಯವನ್ನು ಹಂಚುವಾಗ ಕಂಪನಿ ಸರ್ಕಾರವು ಶ್ರೀರಂಗಪಟ್ಟಣದ ಕೋಟೆಯನ್ನೂ ದ್ವೀಪವನ್ನೂ ತನ್ನ ಪಾಲಿಗೇ ಇಟ್ಟುಕೊಂಡಿತು. ದೊರೆಗೆ ರಾಜ್ಯವನ್ನು ಹಿಂದಿರುಗಿಸಿದರು, ರಾಜಧಾನಿಯನ್ನು ಹಿಂದಿರುಗಿಸಲಿಲ್ಲ. ಮೈಸೂರಿನ ಪುನರುಜ್ಜೀವನವನ್ನು ಮಂಗಳಕರವಾದ ಮರಳಿಕೆಯೆಂದು ಮಾತ್ರ ವರ್ಣಿಸುವ ಪಠ್ಯಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ.

1799ರ ಜೂನ್ 30ರಂದು ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಿ ನಡೆಯಿತು. ತಕ್ಕ ಕಟ್ಟಡವಿಲ್ಲದ ಕಾರಣ ಲಕ್ಷ್ಮೀರಮಣಸ್ವಾಮಿ ದೇವಾಲಯದ ಬಳಿ ಚಪ್ಪರ ಹಾಕಿಸಬೇಕಾಯಿತು. ಬಳಿಕ ನಜರಾಬಾದಿಗೆ ಹೋಗಿದ್ದ ಕಲ್ಲುಗಳನ್ನೇ ಮತ್ತೆ ತಂದು ಹಳೆಯ ಸ್ಥಳದಲ್ಲಿ ಕೋಟೆಯನ್ನು ಕಟ್ಟಿದರು. ಒಂದೇ ಕಲ್ಲು ಹೋಗಿ ಬಂದ ಈ ದಾರಿಗೆ ಉಳಿದಿರುವ ಕುರುಹು ನಜರ್‌ಬಾದ್ ಎಂಬ ಮೊಹಲ್ಲೆಯ ಹೆಸರು. ಆಗ ಅವಸರದಲ್ಲಿ ಎದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಪ್ರವಾಸಿಗರು ಇಂದು ಪುರಾತನವೆಂದು ನಂಬಿ ನೋಡುವ ಅರಮನೆ ಹೆನ್ರಿ ಇರ್ವಿನ್ ರಚಿಸಿದ ನಕ್ಷೆಯಂತೆ 1912ರಲ್ಲಿ ಪೂರ್ಣಗೊಂಡುದು.

ಇಷ್ಟರಿಂದ ರಾಜಧಾನಿಯ ಪ್ರಶ್ನೆ ತೀರಲಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ತಾವೇ ವಹಿಸಿಕೊಂಡರು. ಅವರ ದಂಡು 1809ರಿಂದಲೂ ಬೆಂಗಳೂರಿನಲ್ಲಿ ನೆಲೆಸಿತ್ತು. ಕಮಿಷನರ ಕಚೇರಿಗಳೂ ಅಲ್ಲಿಯೇ ನಿಂತವು. ಮೊದಲು ಕೋಟೆಯೊಳಗಿನ ಟಿಪ್ಪುವಿನ ಅರಮನೆಯಲ್ಲಿದ್ದು, 1868ರಲ್ಲಿ ಅಠಾರಾ ಕಚೇರಿಗೆ ಸ್ಥಳಾಂತರಗೊಂಡವು. ದೊರೆ ಮೈಸೂರಿನಲ್ಲಿ, ದಫ್ತರ ಬೆಂಗಳೂರಿನಲ್ಲಿ: ಸಿಂಹಾಸನ ಒಂದೆಡೆ, ಅಧಿಕಾರ ಇನ್ನೊಂದೆಡೆ. ಕೆಂಗೇರಿಯ ಮೇಲೆ ಹಾಯುವ ನಮ್ಮ ಈ ರಸ್ತೆಗೆ ಬಂದ ಮಹತ್ತ್ವವನ್ನು ಅರಿಯಲು ಈ ವಿಭಜನೆಯನ್ನು ಗಮನಿಸಬೇಕು.

1881ರ ಮಾರ್ಚ್ 25ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ರಾಜ್ಯಾಧಿಕಾರ ಮರಳಿತು. ಬೆಂಗಳೂರಿನ ದಂಡುಪ್ರದೇಶವನ್ನು ಬ್ರಿಟಿಷರ ಆಡಳಿತಕ್ಕೆ ಒಪ್ಪಿಸಿ, ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣದ ದ್ವೀಪವನ್ನು ಸಂಸ್ಥಾನವು ಪಡೆದುಕೊಂಡಿತು. 1799ರಲ್ಲಿ ಕೈತಪ್ಪಿದ ರಾಜಧಾನಿ ಹೀಗೆ ಹಿಂದಕ್ಕೆ ಬಂದರೂ ಸಿಂಹಾಸನ ಅಲ್ಲಿಗೆ ಹೋಗಲಿಲ್ಲ. ಸಚಿವಾಲಯ ಬೆಂಗಳೂರಿನಲ್ಲಿಯೇ ಉಳಿಯಿತು. ಅದೇ ವರ್ಷ ಸ್ಥಾಪಿತವಾದ ಪ್ರಜಾಪ್ರತಿನಿಧಿ ಸಭೆಯಾದರೋ ದಸರೆಯ ಸಮಯದಲ್ಲಿ ಮೈಸೂರಿನಲ್ಲಿ ಸೇರಿತು. ದಿವಾನ ರಂಗಾಚಾರ್ಲು ಅವರು ಸಂಸ್ಥಾನದ ಪ್ರತಿನಿಧಿಗಳ ಮುಂದೆ ರಾಜ್ಯದ ಲೆಕ್ಕಪತ್ರವನ್ನಿಟ್ಟುದು ಆ ಊರಿನಲ್ಲಿ.