ಕರೆಂಟ್ ನಷ್ಟವಾಗದ ವಸ್ತು ಇದೆ, ಆದ್ರೆ ಕಂಬದ ಮೇಲೆ ಯಾಕಿಲ್ಲ?

ತಂತಿಯಲ್ಲಿ ಕರೆಂಟ್ ಹರಿಯುವಾಗ ಸ್ವಲ್ಪ ಬಿಸಿಯಾಗಿ ನಷ್ಟವಾಗ್ತದೆ. ತಂತಿಯ ವಿದ್ಯುತ್ ರೋಧವೇ ಇದಕ್ಕೆ ಕಾರಣ. ಈ ರೋಧ ಪೂರ್ತಿ ಸೊನ್ನೆಯಾಗುವ ವಸ್ತುಗಳೂ ಇವೆ. ಅವೇ ಸೂಪರ್ ಕಂಡಕ್ಟರ್, ಅಂದ್ರೆ ಅತಿವಾಹಕಗಳು. ಹಾಗಾದ್ರೆ ನಮ್ಮೂರ ಲೈನಿಗೆ ಅವನ್ನ ಯಾಕೆ ಹಾಕಿಲ್ಲ?

ಅಡ್ಡಿಯಾಗಿರೋದು ಚಳಿ

1911ರಲ್ಲಿ ಹಾಲೆಂಡಿನ ವಿಜ್ಞಾನಿ ಕ್ಯಾಮರ್ಲಿಂಗ್ ಓನ್ಸ್ ಪಾದರಸವನ್ನು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಣ್ಣಗೆ ಮಾಡಿದಾಗ ರೋಧ ಮಾಯವಾಯ್ತು. ಅಷ್ಟು ಚಳಿಗೆ ದ್ರವ ಹೀಲಿಯಂ ಬೇಕು. ಅದು ಬಲು ದುಬಾರಿ.

1986ರಲ್ಲಿ ಸ್ವಿಟ್ಜರ್ಲೆಂಡಿನ ಐಬಿಎಂ ಪ್ರಯೋಗಾಲಯದಲ್ಲಿ ಬೆಡ್ನೋರ್ಜ್ ಮತ್ತು ಮುಲ್ಲರ್ ಲೋಹ ಬಿಟ್ಟು ಪಿಂಗಾಣಿಯಂಥ ತಾಮ್ರದ ಆಕ್ಸೈಡ್ ಹಿಡಿದರು. ಅದು ಹಳೇ ದಾಖಲೆ ಮುರಿಯಿತು. ಮರುವರ್ಷವೇ ಇಬ್ಬರಿಗೂ ನೊಬೆಲ್ ಬಂತು. 1987ರಲ್ಲೇ ಅಮೆರಿಕದಲ್ಲಿ ಪಾಲ್ ಚು, ಮಾವ್-ಕುಯೆನ್ ವೂ ತಂಡಗಳು ಯಿಟ್ರಿಯಂ ಬೆರೆಸಿ ಮೈನಸ್ 180 ಡಿಗ್ರಿಗೆ ತಂದವು. ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ.ಎನ್.ಆರ್. ರಾವ್ ತಂಡವೂ ಅದೇ ವರ್ಷ ಈ ವಸ್ತುವಿನ ಮೇಲೆ ಸಂಶೋಧನೆ ಪ್ರಕಟಿಸಿತು.

ಇದರಿಂದ ಆದ ಲಾಭ ದೊಡ್ಡದು. ಇಷ್ಟು ಚಳಿಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಸಾಕು. ಪಶು ಆಸ್ಪತ್ರೆಯಲ್ಲಿ ಕೃತಕ ಗರ್ಭಧಾರಣೆಯ ವೀರ್ಯ ನಳಿಕೆ ಇಡುವ ಕ್ಯಾನಿನಲ್ಲಿರೋದೂ ಇದೇ.

ಚಿರೋಟಿಯಂಥ ಪದರ

ಈ ವಸ್ತುವಿನ ಒಳಗೆ ಚಿರೋಟಿಯ ಹಾಗೆ ಪದರಗಳಿವೆ. ತಾಮ್ರ, ಆಮ್ಲಜನಕದ ಪದರದಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ ತಡೆಯಿಲ್ಲದೆ ಹರೀತವೆ. ನಡುವಿನ ಪದರಗಳು ಎಲೆಕ್ಟ್ರಾನುಗಳ ಲೆಕ್ಕ ಹೊಂದಿಸ್ತವೆ. ಈ ಲೆಕ್ಕ ಸಾರಿಗೆ ಉಪ್ಪು ಹಾಕಿದಂತೆ, ಹೆಚ್ಚಾದ್ರೂ ಕಮ್ಮಿಯಾದ್ರೂ ಕೆಲಸ ಕೆಡ್ತದೆ.

ಜೋಡಿ ಮಾಡಿಸೋದು ಯಾರು ಅನ್ನೋದೇ ಒಗಟು. ಹಳೇ ಲೋಹಗಳಲ್ಲಿ ಪರಮಾಣುಗಳ ಕಂಪನ ಜೋಡಿ ಮಾಡಿಸ್ತದೆ ಅಂತ 1957ರಲ್ಲೇ ಬಾರ್ಡೀನ್, ಕೂಪರ್, ಶ್ರೀಫರ್ ವಿವರಿಸಿದ್ದರು. ಇಲ್ಲಿ ಆ ವಿವರಣೆ ಸಾಲದು. ಎಲೆಕ್ಟ್ರಾನುಗಳ ಕಾಂತೀಯ ಗುಣವೇ ಕಾರಣ ಅನ್ನೋರು ಬಹಳ ಮಂದಿ, ಆದ್ರೆ ಎಲ್ಲರೂ ಒಪ್ಪಿಲ್ಲ.

ಬಳಕೆ ಎಲ್ಲಿಗೆ ಬಂತು?

ಜರ್ಮನಿಯ ಎಸ್ಸೆನ್ ನಗರದಲ್ಲಿ 2014ರಲ್ಲಿ ಇಂಥ ವಸ್ತುವಿನ ಸುಮಾರು 1 ಕಿ.ಮೀ. ಕೇಬಲ್ ನೆಲದಡಿ ಹಾಕಿ ಊರಿಗೆ ವಿದ್ಯುತ್ ಕೊಟ್ಟರು. ಆದ್ರೆ ವಸ್ತು ಪಿಂಗಾಣಿಯಂತೆ ಬಿರುಸು, ತಾಮ್ರದ ತಂತಿಯಂತೆ ಸಲೀಸಾಗಿ ಎಳೆಯೋಕೆ ಆಗಲ್ಲ. ಹಗಲೂ ರಾತ್ರಿ ತಣ್ಣಗಿಡೋ ಖರ್ಚು ಬೇರೆ. ಸಾವಿರಾರು ಕಿ.ಮೀ. ಹಳ್ಳಿ ಲೈನಿಗೆ ಇದು ಗಿಟ್ಟಲ್ಲ.

ಮಾಮೂಲಿ ಬಿಸಿಲಲ್ಲೂ ಕೆಲಸ ಮಾಡುವ ವಸ್ತು ಸಿಕ್ಕರೆ ಮಾತ್ರ ಕಂಬದ ಮೇಲಿನ ಕಥೆ ಬದಲಾಗ್ತದೆ. ಜೋಡಿಯ ಗುಟ್ಟು ತಿಳಿಯುವ ತನಕ ಆ ಹುಡುಕಾಟ ಬಹುಪಾಲು ಕತ್ತಲಲ್ಲಿ ಕಲ್ಲು ಹೊಡೆದಂತೆ.