ಬೇಸಿಗೆ ರಜೆ, ಅಜ್ಜಿ ಮನೆ, ಆಟಿಸಂ ಇರುವ ಮಗು

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ್ರೆ ಮಕ್ಕಳಿಗೆಲ್ಲ ಹಬ್ಬ. ಆಟಿಸಂ ಇರುವ ಐದಾರು ವರ್ಷದ ಮಗುವಿಗೆ? ಯೂನಿಫಾರ್ಮ್, ವ್ಯಾನು, ಅದೇ ಬೆಂಚು, ಅದೇ ಊಟದ ಡಬ್ಬಿ, ದಿನಕ್ಕೊಂದು ಆಕಾರ ಕೊಟ್ಟಿದ್ದೆಲ್ಲ ಒಮ್ಮೆಲೇ ಮಾಯ. ಅಳು, ಕಿರುಚಾಟ, ನಿದ್ದೆಗೇಡು ಶುರುವಾಗೋದು ಅದಕ್ಕೇ. ಹಟ ಅಂತ ಬಯ್ಯಬೇಡಿ.

ಊರಿಗೆ ಹೊರಡೋ ಮುಂಚೆ ಫೋಟೊ ತೋರಿಸಿ: ಇದು ಬಸ್ಸು, ಇದು ಅಜ್ಜಿ ಮನೆ ಜಗಲಿ, ನೀನು ಮಲಗೋದು ಇಲ್ಲಿ. ದಿನದ ಕೆಲಸಗಳ ಚಿತ್ರಗಳನ್ನ ಸಾಲಾಗಿ ಗೋಡೆಗೆ ಅಂಟಿಸಿ. ಮುಗಿದಿದ್ದನ್ನ ಮಗುವೇ ಕಿತ್ತು ಡಬ್ಬಿಗೆ ಹಾಕಲಿ.

ಬೆವರಿಗೆ ಅಂಟಿದ ಅಂಗಿ, ಕತ್ತಿನ ಹಿಂದಿನ ಲೇಬಲ್ಲು, ಮದುವೆ ಮನೆ ವಾಲಗ... ಕೆಲವು ಮಕ್ಕಳಿಗೆ ಇವು ನಿಜವಾದ ನೋವು. ಲೇಬಲ್ ಕತ್ತರಿಸಿ, ಒಗೆದು ಒಗೆದು ಮೆತ್ತಗಾದ ಹಳೇ ಕಾಟನ್ ಅಂಗಿ ಹಾಕಿ. ಬಾಯಾರಿದ್ದು ಹೇಳೋಕೆ ಬಾರದೆ ಇರಬಹುದು. ಆಗಾಗ ನೀವೇ ನೀರಿನ ಲೋಟ ಕೊಡಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಇದೆ. ಅಂಗವಿಕಲರ ಗುರುತಿನ ಚೀಟಿ, ಅಂದ್ರೆ ಯುಡಿಐಡಿ ಕಾರ್ಡ್, ಇನ್ನೂ ಮಾಡಿಸಿಲ್ವಾ? ರಜೆಯಲ್ಲೇ ಅರ್ಜಿ ಹಾಕಿ.

ಇನ್ನೊಂದು ವಿಷಯ, ದಯವಿಟ್ಟು ಮನೆಮಂದಿಯೆಲ್ಲ ಕೇಳಿ. ನೀರು. ಈ ಮಕ್ಕಳಲ್ಲಿ ಅನೇಕರಿಗೆ ನೀರು ಕಂಡ್ರೆ ಸೆಳೆತ, ಜೊತೆಗೆ ಸದ್ದಿಲ್ಲದೆ ಎದ್ದು ಹೊರಟುಬಿಡೋದೂ ಉಂಟು. ಊರಲ್ಲಿ ಬಾವಿ, ಕೆರೆ, ಕೃಷಿಹೊಂಡ, ಸಂಪು. ಹೋದ ದಿನವೇ ಮುಚ್ಚಳ, ಬಾಗಿಲ ಚಿಲಕ ನೋಡಿ. "ಯಾರಾದ್ರೂ ನೋಡ್ಕೋತಾರೆ" ಅಂದುಕೊಂಡ ತುಂಬಿದ ಮನೇಲೇ ಮಗು ಕಣ್ತಪ್ಪೋದು. ಹೆಸರು ಹೇಳಿ ಸರದಿ ಹಾಕಿ: ಊಟದ ತನಕ ಮಾವ, ಊಟ ಆದ್ಮೇಲೆ ಚಿಕ್ಕಮ್ಮ.